ಬಾವುಟಗುಡ್ಡೆಯ ಮೇಲಿನ ಶಾಲೆ

ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಕಲೆಕ್ಟರುಗಳಿಗೆಲ್ಲ ಒಂದು ಪ್ರಶ್ನೆ ಕಳಿಸಿದ: ನಿಮ್ಮ ಜಿಲ್ಲೆಯಲ್ಲಿ ಶಾಲೆಗಳೆಷ್ಟು, ಓದುವ ಮಕ್ಕಳೆಷ್ಟು? ಎರಡು ಕನ್ನಡ ಜಿಲ್ಲೆಗಳಿಂದ ಬಂದ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಅಚ್ಚುಕಟ್ಟಾಗಿ ಎಣಿಸಿ ಬರೆದ. ಜನಸಂಖ್ಯೆ 9,27,857, ಶಾಲೆಗಳು 533, ಮಕ್ಕಳು 6,641. ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು. ಹೆಣ್ಣುಮಕ್ಕಳು ಅರವತ್ತು. ಕರಾವಳಿಯ ಕೆನರಾ ಕಲೆಕ್ಟರನಾದರೋ ಪಟ್ಟಿ ಕೊಡುವ ಗೋಜಿಗೇ ಹೋಗಲಿಲ್ಲ. ಇಲ್ಲಿ ಕಾಲೇಜುಗಳಿಲ್ಲ, ಖಾಯಂ ಶಾಲೆಗಳೂ ಇಲ್ಲ, ಮಕ್ಕಳು ಮನೆಗಳಲ್ಲಿ ಕಲಿಯುತ್ತಾರೆ, ಲೆಕ್ಕ ತೆಗೆದು ಪ್ರಯೋಜನವಿಲ್ಲ ಎಂಬರ್ಥದಲ್ಲಿ ಕಾಗದ ಬರೆದು ಕೈತೊಳೆದುಕೊಂಡ.

ಅಂದಿನ ಬಳ್ಳಾರಿ ಜಿಲ್ಲೆ ಎಂದರೆ ಅನಂತಪುರವನ್ನೂ ಒಳಗೊಂಡ ದೊಡ್ಡ ಸೀಮೆ. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಇಂದಿನ ಹಗರಿಬೊಮ್ಮನಹಳ್ಳಿಯ ನೆಲ ಎಲ್ಲವೂ ಅದರ ಪಡುವಣ ಅಂಚಿನಲ್ಲಿದ್ದವು. ಹರಪನಹಳ್ಳಿ ಭೀಮವ್ವನಂಥ ಹರಿದಾಸಿ ಹುಟ್ಟಿ ಬೆಳೆದ ಕಾಲವೂ ಸರಿಸುಮಾರು ಅದೇ. ಆಕೆ ಕಟ್ಟಿದ ಪದಗಳನ್ನು ನೆನೆದರೆ ಕ್ಯಾಂಪ್‌ಬೆಲ್ಲನ ಅರವತ್ತರ ಲೆಕ್ಕಕ್ಕೆ ಸಿಗದ ಕಲಿಕೆಯೂ ಈ ಸೀಮೆಯಲ್ಲಿತ್ತು ಎನ್ನಬೇಕಾಗುತ್ತದೆ. ಅದಿರಲಿ. ಕೌತುಕದ ಮಾತೆಂದರೆ, ಲೆಕ್ಕಕ್ಕೆ ಒಂದು ಶಾಲೆಯನ್ನೂ ಕೊಡದ ಕರಾವಳಿಯಲ್ಲಿ ಅರವತ್ತು ವರ್ಷದ ಆಸುಪಾಸಿನಲ್ಲಿ ಗುಡ್ಡದ ಮೇಲೊಂದು ಹೈಸ್ಕೂಲು, ಅದರ ಬೆನ್ನಿಗೇ ಕಾಲೇಜು ಎದ್ದು ನಿಂತವು. 533 ಶಾಲೆಗಳ ಬಳ್ಳಾರಿಯ ಪಡುವಣ ತಾಲ್ಲೂಕುಗಳ ಹುಡುಗರು ಹೈಸ್ಕೂಲು ಕಾಣಲು ಬಹುಕಾಲ ಊರು ಬಿಟ್ಟು ಹೋಗಬೇಕಾಯಿತು. ಮಂಗಳೂರಿನ ಸಂತ ಅಲೋಶಿಯಸ್ ಶಾಲೆಯ ಕತೆಯನ್ನು ಬಯಲುಸೀಮೆಯವರು ಓದಬೇಕಾದ್ದು ಈ ಕಾರಣಕ್ಕೆ.

ಶಾಲೆ ಪಾದ್ರಿಗಳು ಕಟ್ಟಿದ್ದು ಎಂದುಬಿಟ್ಟರೆ ಅರ್ಧ ಮಾತು ಹೇಳಿದಂತೆ. ಅದನ್ನು ಬೇಡಿದ್ದು ಊರು. 1784ರಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ ಶ್ರೀರಂಗಪಟ್ಟಣಕ್ಕೆ ಹೋದ ಕೆನರಾದ ಕ್ಯಾಥೊಲಿಕರಲ್ಲಿ ಬದುಕುಳಿದವರು 1799ರ ನಂತರ ಮರಳಿ ಬಂದರು. ಹಾಳುಬಿದ್ದ ಗದ್ದೆ, ಕೆಡವಿದ ಇಗರ್ಜಿ, ಎಲ್ಲವನ್ನೂ ಮೊದಲಿನಿಂದ ಕಟ್ಟಿಕೊಳ್ಳಬೇಕಿತ್ತು. ಎರಡು ಮೂರು ತಲೆಮಾರು ಕಳೆಯುವಾಗ ಭೂಮಿ, ಬಂದರಿನ ವ್ಯಾಪಾರ, ಸರಕಾರಿ ನೌಕರಿಗಳಲ್ಲಿ ಅವರ ಕಾಲು ಊರಿತು. ಮಕ್ಕಳಿಗೆ ಮದ್ರಾಸು ವಿಶ್ವವಿದ್ಯಾಲಯದ ಪರೀಕ್ಷೆ ಕಟ್ಟಿಸುವ ಆಸೆ ಹುಟ್ಟಿತು. ಪಟ್ಟಣದಲ್ಲಿ ಬಾಸೆಲ್ ಮಿಷನ್ನಿನವರ ಶಾಲೆಗಳಿದ್ದವು, ಸರಕಾರದ ಶಾಲೆಯೂ ಇತ್ತು. ಆದರೂ ತಮ್ಮದೇ ಒಂದು ಬೇಕು, ಅದನ್ನು ನಡೆಸಲು ಪಾಠ ಹೇಳುವುದರಲ್ಲಿ ಹೆಸರಾದ ಜೆಸ್ವಿಟ್ ಸಭೆಯ ಪಾದ್ರಿಗಳೇ ಬರಬೇಕು ಎಂದು ಮಂಗಳೂರಿನ ಗೃಹಸ್ಥರು ರೋಮಿಗೆ ಮತ್ತೆ ಮತ್ತೆ ಮನವಿ ಬರೆದರು. 1878ರ ಡಿಸೆಂಬರ್ 31ರಂದು ಜೆಸ್ವಿಟರ ಮೊದಲ ತಂಡ ಮಂಗಳೂರಿನಲ್ಲಿ ಇಳಿಯಿತು. ಒಂದು ವರ್ಷ ಕಳೆದ ಮೇಲೆ, 1880ರ ಜನವರಿ 12ರಂದು, 150 ಹುಡುಗರೊಂದಿಗೆ ಶಾಲೆ ಆರಂಭವಾಯಿತು.

ಆಗ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಜಾಗ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು ಎಂಬ ಸ್ಥಳೀಯ ಗೃಹಸ್ಥರು. 1837ರ ರೈತ ಬಂಡಾಯದಲ್ಲಿ ಕಲ್ಯಾಣಪ್ಪನ ಕಡೆಯವರು ಬಾವುಟ ಏರಿಸಿದ್ದರೆಂದು ಜನ ಬಾವುಟಗುಡ್ಡೆ ಎಂದು ಕರೆಯುವ ಎತ್ತರವೇ ಆ ಜಾಗ. 1882ರಲ್ಲಿ ಅಡಿಗಲ್ಲು ಬಿತ್ತು. ಮೂರು ವರ್ಷದಲ್ಲಿ ತರಗತಿಗಳು ಮೇಲಕ್ಕೆ ಹತ್ತಿದವು. ಮುರಕಲ್ಲಿನ ನೆಲ, ಮಂಗಳೂರು ಹಂಚು, ಉದ್ದುದ್ದ ಜಗಲಿ, ಕೆಳಗೆ ತೆಂಗಿನ ತಲೆಗಳಾಚೆ ಅರಬ್ಬಿ ಸಮುದ್ರ.

ಹೆಸರಿಗೆ ಕ್ಯಾಥೊಲಿಕ್ ಶಾಲೆಯಾದರೂ ತರಗತಿಯೊಳಗೆ ಕಾಲಿಟ್ಟರೆ ಊರಿಗೆ ಊರೇ ಅಲ್ಲಿತ್ತು. ಮನೆಯಲ್ಲಿ ಕೊಂಕಣಿ ಆಡುವ ಕ್ರಿಸ್ತುವರು, ಬೇರೆಯದೇ ಕೊಂಕಣಿಯ ಸಾರಸ್ವತರು, ತುಳುವಿನ ಬಂಟರು ಬಿಲ್ಲವರು, ಬ್ಯಾರಿಗಳು, ಹವ್ಯಕ ಮನೆಗಳಿಂದ ಬಂದವರು. ಇವರೆಲ್ಲ ಒಬ್ಬರಿಗೊಬ್ಬರು ಆಡುವ ಮಾತು ತುಳು, ಪುಸ್ತಕದ ಮಾತು ಕನ್ನಡ, ಪರೀಕ್ಷೆಯ ಮಾತು ಇಂಗ್ಲಿಷ್. ಕ್ರಿಸ್ತುವರ ಮಕ್ಕಳು ಧರ್ಮೋಪದೇಶದ ಪಾಠಕ್ಕೆ ಹೋಗುವಾಗ ಉಳಿದವರಿಗೆ ನೀತಿಪಾಠ, ಅಂದರೆ ಮಾರಲ್ ಸೈನ್ಸು. ಕ್ಯಾಥೊಲಿಕ್ ಶಾಲೆಗಳಲ್ಲಿ ಓದಿದ ಲಕ್ಷಾಂತರ ಕನ್ನಡಿಗರಿಗೆ ಈ ಪೀರಿಯಡ್ಡಿನ ನೆನಪು ಇದ್ದೇ ಇದೆ; ಅರ್ಧ ಕತೆ, ಅರ್ಧ ಬುದ್ಧಿವಾದ, ಪರೀಕ್ಷೆಯ ಹೆದರಿಕೆ ಇಲ್ಲದ ನಲವತ್ತು ನಿಮಿಷ.

ಮದ್ರಾಸು ಪದ್ಧತಿಯ ಶಾಲೆಯಲ್ಲಿ ಫಸ್ಟ್ ಫಾರ್ಮಿನಿಂದ ಸಿಕ್ಸ್ತ್ ಫಾರ್ಮಿನವರೆಗೆ ಮೆಟ್ಟಿಲು. ಕೊನೆಗೆ ಮೊದಲು ಮೆಟ್ರಿಕ್ಯುಲೇಶನ್, ಆಮೇಲೆ ಎಸ್ಸೆಸ್ಸೆಲ್ಸಿ. ಬಳ್ಳಾರಿ ಜಿಲ್ಲೆಯ ಹುಡುಗ ಕಟ್ಟುತ್ತಿದ್ದ ಪರೀಕ್ಷೆಯೂ ಅದೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರುವವರೆಗೂ, 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಬರುವವರೆಗೂ, ಎರಡೂ ಕಡೆಯ ಹೆಡ್‌ಮಾಸ್ಟರುಗಳು ಹೆದರುತ್ತಿದ್ದದ್ದು ಮದ್ರಾಸಿನ ಇನ್‌ಸ್ಪೆಕ್ಟರಿಗೇ.

ಶಾಲೆಗೆ ಹೆಸರು ಕೊಟ್ಟ ಅಲೋಶಿಯಸ್ ಗೊಂಜಾಗ ಇಟಲಿಯ ಜಹಗೀರುದಾರನ ಮಗ. ಹುಟ್ಟಿದ್ದು 1568ರಲ್ಲಿ. ಆಸ್ತಿಯ ಹಕ್ಕು ಬಿಟ್ಟು ಜೆಸ್ವಿಟರನ್ನು ಸೇರಿದ. ರೋಮಿನಲ್ಲಿ ಪಿಡುಗು ಹರಡಿದಾಗ ರೋಗಿಗಳ ಸೇವೆಗೆ ನಿಂತು ತಾನೂ ಕಾಯಿಲೆ ಬಿದ್ದು 1591ರ ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ ಇಪ್ಪತ್ಮೂರು ವರ್ಷ. ವಿದ್ಯಾರ್ಥಿಗಳ ಪಾಲಕ ಸಂತನೆಂದು ಅವನ ಹಬ್ಬ ಬರುವುದು ಸುರಿವ ಮಳೆಗಾಲದಲ್ಲಿ, ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಇನ್ನೂ ಗೋಂದು ಒಣಗದ ದಿನಗಳಲ್ಲಿ.

ಅವನ ಈ ಬದುಕನ್ನು ಹುಡುಗರು ಓದುವುದಕ್ಕಿಂತ ಕತ್ತೆತ್ತಿ ನೋಡಿಯೇ ಹೆಚ್ಚು ತಿಳಿದರು. ಆವರಣದ ಚಾಪೆಲ್ ಇಂದು ಪ್ರವಾಸಿಗರ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿದೆ. ಅದರ ಗೋಡೆ, ಚಾವಣಿಗಳಿಗೆ ಬಣ್ಣ ಬರೆದವನು ಆಂಟೋನಿಯೋ ಮೊಸ್ಕೇನಿ. ಬೆರ್ಗಮೊ ಹತ್ತಿರದ ಸ್ಟೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದ ಈತ ಹೆಸರು ಮಾಡಿದ ಚಿತ್ರಕಾರನಾಗಿದ್ದೂ 1889ರಲ್ಲಿ ಜೆಸ್ವಿಟರಲ್ಲಿ ಸಹೋದರನಾಗಿ ಸೇರಿದ, ಪಾದ್ರಿಯಾಗಲಿಲ್ಲ. 1899ರಿಂದ 1901ರವರೆಗೆ ಇಲ್ಲಿ ಕೆಲಸ ಮಾಡಿದ. ಗೋಡೆಯ ಚಿತ್ರಗಳು ಫ್ರೆಸ್ಕೊ. ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು. ಗಾರೆ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೇ ಸೇರಿಹೋಗುತ್ತದೆ. ಅಂದಂದಿಗೆ ಎಷ್ಟು ಬರೆಯಬಹುದೋ ಅಷ್ಟೇ ಗೋಡೆಗೆ ಗಾರೆ, ತಪ್ಪಿದರೆ ಕೆತ್ತಿ ತೆಗೆದು ಹೊಸದಾಗಿ ಹಚ್ಚುವುದೊಂದೇ ದಾರಿ. ಚಾವಣಿಯದು ಬೇರೆ ಬಗೆ, ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಅಲ್ಲಿ ಅಲೋಶಿಯಸ್‌ನ ಕತೆ ಸಾಲಾಗಿ ಸಾಗುತ್ತದೆ. ಗುಲಾಮರ ನಡುವೆ ನಿಂತ ಸಂತ ಪೀಟರ್ ಕ್ಲೇವರ್ ಇದ್ದಾನೆ, ಮಕ್ಕಳ ನಡುವೆ ಕೂತ ಯೇಸು ಇದ್ದಾನೆ. ಕರಾವಳಿಯ ತೇವಕ್ಕೆ ಮಸುಕಾದ ಈ ಚಿತ್ರಗಳನ್ನು 1990ರ ದಶಕದ ಮೊದಲಲ್ಲಿ ಇಂಟ್ಯಾಕ್ ಸಂಸ್ಥೆಯವರು ಶುಚಿಮಾಡಿ ಉಳಿಸಿದರು. ಮೊಸ್ಕೇನಿ ಇಟಲಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ.

ನನ್ನ ಮಟ್ಟಿಗೆ ಹೇಳುವುದಾದರೆ ಈ ಆವರಣದ ದೊಡ್ಡ ಸಂಗತಿ ಬಣ್ಣದ ಗೋಡೆಯಲ್ಲ, ಕನ್ನಡ ಪಂಡಿತರ ಮೇಜು. ಇಟಲಿಯ ಪಾದ್ರಿಗಳು ಕಟ್ಟಿದ ಈ ವಿದ್ಯಾಸಂಸ್ಥೆಯಲ್ಲಿ ಮುಳಿಯ ತಿಮ್ಮಪ್ಪಯ್ಯನವರು ಕನ್ನಡ ಪಂಡಿತರಾಗಿದ್ದರು. ಅವರ ‘ನಾಡೋಜ ಪಂಪ’ ಹೊರಬಂದದ್ದು 1938ರಲ್ಲಿ. ಹವ್ಯಕ ಪಂಡಿತರೊಬ್ಬರು ಜೈನ ಕವಿಯನ್ನು ಕುರಿತು ಆಯುಷ್ಯದ ಕೆಲಸ ಮಾಡಿದರು, ಹೊಟ್ಟೆಯ ಪಾಡಿಗೆ ಕ್ಯಾಥೊಲಿಕ್ ಸಂಸ್ಥೆಯಲ್ಲಿ ಪಾಠ ಹೇಳಿದರು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ ಎಂಬುದೇ ಆ ಕಾಲದ ಮಂಗಳೂರಿಗೆ ಸಲ್ಲಬೇಕಾದ ಮರ್ಯಾದೆ. ಇದೇ ಗುಡ್ಡದಲ್ಲಿ ಹುಡುಗರಿಗೆ ಕನ್ನಡ ಕಲಿಸಿದ ಇನ್ನೊಬ್ಬರು ಸೇಡಿಯಾಪು ಕೃಷ್ಣಭಟ್ಟರು. ಛಂದಸ್ಸಿನ ಗತಿಯ ಬಗ್ಗೆ ಕನ್ನಡದಲ್ಲಿ ಅವರಷ್ಟು ಸೂಕ್ಷ್ಮವಾಗಿ ಯೋಚಿಸಿದವರು ಬೆರಳೆಣಿಕೆಯಷ್ಟು. ಲಘು ಗುರು ಎಣಿಸಲು ತಡಕಾಡುವ ಹೈಸ್ಕೂಲು ಹುಡುಗನ ಮುಂದೆ ಅಂಥವರು ಸೀಮೆಸುಣ್ಣ ಹಿಡಿದು ನಿಂತಿದ್ದರು ಎಂದರೆ ಆ ಹುಡುಗನ ಅದೃಷ್ಟ ಎಂಥದು! ಪಂಡಿತರಿಗೆ ಸಿಗುತ್ತಿದ್ದ ಸಂಬಳ ಇಂಗ್ಲಿಷ್ ಅಧ್ಯಾಪಕರದ್ದಕ್ಕಿಂತ ಕಡಿಮೆ ಇರುತ್ತಿದ್ದ ಕಾಲ ಅದು, ಮದ್ರಾಸು ಪ್ರಾಂತ್ಯದ ಎಲ್ಲ ಕಡೆಯೂ.

ಭಾಷೆಯ ಕೆಲಸ ಪಾದ್ರಿಗಳ ಕಡೆಯಿಂದಲೂ ನಡೆಯಿತು. ಇಟಲಿಯಿಂದ ಬಂದ ಜೆಸ್ವಿಟ್ ಆಂಜೆಲೊ ಮಾಫೆಯಿ ಕೊಂಕಣಿ ಕಲಿತು 1882ರಲ್ಲಿ ವ್ಯಾಕರಣ, 1883ರಲ್ಲಿ ನಿಘಂಟು ಹೊರತಂದರು. ಅಚ್ಚಾದದ್ದು ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಧರ್ಮದ ವಿಷಯದಲ್ಲಿ ಎದುರುಬದುರು ನಿಂತವರು ಅಚ್ಚಿನ ಮೊಳೆಗಳ ವಿಷಯದಲ್ಲಿ ಜಗಳವಾಡಲಿಲ್ಲ. 1897ರಿಂದ ಸಂಸ್ಥೆಯೇ ‘ಮ್ಯಾಂಗಲೋರ್ ಮ್ಯಾಗಝೀನ್’ ಎಂಬ ಪತ್ರಿಕೆ ಹೊರಡಿಸಿತು. ಪರೀಕ್ಷೆಯ ಫಲಿತಾಂಶ, ಆಟದ ಸುದ್ದಿ, ಹಳೆ ವಿದ್ಯಾರ್ಥಿಗಳ ಮದುವೆ ವರ್ಗಾವಣೆಗಳ ನಡುವೆ ಊರಿನ ಚರಿತ್ರೆಯೂ ಅದರಲ್ಲಿ ಸೇರುತ್ತ ಹೋಯಿತು. 1913ರಲ್ಲಿ ಶುರುವಾದ ‘ಅಲೋಶಿಯಂ’ ವಸ್ತುಸಂಗ್ರಹಾಲಯದಲ್ಲಿ ಮಂಗಳೂರಿನ ಮೊದಲ ಕಾರೆಂದು ಹೆಸರಾದ ಡಿ ಡಿಯೊನ್ ಗಾಡಿಯೂ ನಿಂತಿದೆ. ಶಾಲಾ ಪ್ರವಾಸಕ್ಕೆ ಬಂದ ಚಿಕ್ಕವರು ತಾಳೆಗರಿಯನ್ನು ದಾಟಿ ನೇರ ಅದರ ಬಳಿಗೇ ಓಡುತ್ತಾರೆ.

ಇಲ್ಲಿ ಓದಿದವರ ಪಟ್ಟಿ ಕೊಡುತ್ತ ಕೂರುವುದು ನನಗಿಷ್ಟವಿಲ್ಲ. ಹಳೆ ಶಾಲೆಗಳ ಸ್ಮರಣ ಸಂಚಿಕೆಗಳು ಆ ಪಟ್ಟಿಯಲ್ಲೇ ಮುಗಿದುಹೋಗುತ್ತವೆ. ಎರಡೇ ಹೆಸರು ಸಾಕು. ಜಾರ್ಜ್ ಫರ್ನಾಂಡಿಸ್ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಹೋದರು, ಎರಡು ವರ್ಷದಲ್ಲಿ ಅದನ್ನು ಬಿಟ್ಟು ಮುಂಬಯಿಯ ಕಾರ್ಮಿಕರ ನಡುವೆ ಕಾಣಿಸಿಕೊಂಡರು. ಅರವಿಂದ ಅಡಿಗ 1990ರಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿಗೆ ಕೂತು ರಾಜ್ಯಕ್ಕೇ ಮೊದಲಿಗರಾದರು, 2008ರಲ್ಲಿ ಬೂಕರ್ ಪಡೆದರು. ಇಬ್ಬರೂ ವ್ಯವಸ್ಥೆಯನ್ನು ಕೆಣಕಿದವರೇ. ಶಿಸ್ತಿನ ಶಾಲೆ ವಿಧೇಯರನ್ನಷ್ಟೇ ತಯಾರಿಸುತ್ತದೆ ಎಂಬ ಆರೋಪಕ್ಕೆ ಇವರಿಗಿಂತ ಬೇರೆ ಉತ್ತರ ಬೇಡ.

ಆದರೆ ಒಂದು ಮಾತು ಬಿಡುವಂತಿಲ್ಲ. ಇದು ಬಹುಕಾಲ ಗಂಡುಹುಡುಗರ ಜಗತ್ತು. ಹೆಣ್ಣುಮಕ್ಕಳ ದಾರಿ ಬೇರೆ ತೆರೆಯಿತು: ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು 1870ರಲ್ಲೇ ಸೇಂಟ್ ಆ್ಯನ್ಸ್ ಶಾಲೆ ಆರಂಭಿಸಿದ್ದರು, 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಬಂತು. ಇನ್ನೊಂದು ಕಡೆ, ಕ್ಯಾಥೊಲಿಕರನ್ನು ನೋಡಿ ಉಳಿದವರೂ ಎಚ್ಚೆತ್ತರು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ಕಟ್ಟಿದರು. ಮುಂದೆ ಬ್ಯಾಂಕ್ ಕಟ್ಟಿದವರೂ ಅವರೇ. ಒಂದು ಸಮುದಾಯದ ಶಾಲೆ ಇನ್ನೊಂದು ಸಮುದಾಯಕ್ಕೆ ಹುರುಡು ಹುಟ್ಟಿಸಿತು. ಕರಾವಳಿಯ ವಿದ್ಯೆಯ ಗುಟ್ಟು ಬಹುಮಟ್ಟಿಗೆ ಈ ಹುರುಡಿನಲ್ಲಿದೆ.

ಈಗ ನಮ್ಮ ಪಡುವಣ ತಾಲ್ಲೂಕುಗಳತ್ತ. ಬಳ್ಳಾರಿಗೂ ಮಿಷನ್ನಿನವರು ಬಂದರು, ಮಂಗಳೂರಿಗಿಂತ ಮೊದಲೇ ಬಂದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆನಿಂತು ಬೈಬಲನ್ನು ಕನ್ನಡಕ್ಕೆ ತಂದರು. ವಾರ್ಡ್ಲಾ ಶಾಲೆ ಅವರ ಮಿಷನ್ನಿನದೇ. ಕ್ಯಾಥೊಲಿಕರ ಬೇರು ಅಲ್ಲಿ ದಂಡಿನೊಂದಿಗೆ ಬೆಳೆಯಿತು. ಕೋಟೆಯ ಸೇಂಟ್ ಜಾನ್ಸ್, ಸೇಂಟ್ ಫಿಲೋಮಿನಾ ಶಾಲೆಗಳ ಹೆಸರು ಬಳ್ಳಾರಿಯವರಿಗೆ ಬಾಯಿಪಾಠ. ಬಳ್ಳಾರಿ ಧರ್ಮಪ್ರಾಂತ್ಯ ರಚನೆಯಾದದ್ದು 1949ರಲ್ಲಿ. ಆದರೆ ಇದೆಲ್ಲ ಜಿಲ್ಲೆಯ ಮೂಡಣ ತಲೆಯಲ್ಲಿ, ದಂಡಿದ್ದ ಊರಿನಲ್ಲಿ. ಮಳೆಯಾಶ್ರಯದ ಜೋಳ, ಶೇಂಗಾದ ಕೂಡ್ಲಿಗಿಯಲ್ಲಿ, ಮಲ್ಲಿಗೆಯ ಹಡಗಲಿಯಲ್ಲಿ, ಹರಪನಹಳ್ಳಿಯಲ್ಲಿ ಶಾಲೆ ಬೇಡಿ ರೋಮಿಗೋ ಮದ್ರಾಸಿಗೋ ಅರ್ಜಿ ಬರೆಯುವಷ್ಟು ಕೈಯಲ್ಲಿ ಕಾಸಿದ್ದ ವರ್ತಕ ವರ್ಗ ದೊಡ್ಡದಿರಲಿಲ್ಲ. ಬರ ಬಂದ ವರ್ಷ ಹುಡುಗ ಮೊದಲು ಬಿಡುತ್ತಿದ್ದದ್ದು ಶಾಲೆ. ಮಂಗಳೂರಿನಲ್ಲಿ ಚರ್ಚು ಮಾಡಿದ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ಮಠಗಳು, ಸಂಘಗಳು ಹೆಗಲಿಗೆ ಹಾಕಿಕೊಂಡವು. ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1916ರಲ್ಲಿ, ಬಾವುಟಗುಡ್ಡೆಯ ಶಾಲೆಗೆ ಮೂವತ್ತಾರು ವರ್ಷ ತುಂಬಿದಾಗ. ಆ ಮೂವತ್ತಾರು ವರ್ಷದ ಬಡ್ಡಿಯನ್ನು ಬಯಲುಸೀಮೆ ಇನ್ನೂ ಕಟ್ಟುತ್ತಿದೆ. 2012ರ ತಿದ್ದುಪಡಿಯಿಂದ ಬಂದ, ಹಿಂದುಳಿದ ಈ ಸೀಮೆಗೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371-ಜೆ ವಿಧಿ, ಅದರಡಿಯ ಮೀಸಲಾತಿ, ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯವರು ತಮ್ಮನ್ನೂ ಸೇರಿಸಿಕೊಳ್ಳಿ ಎಂದು ನಡೆಸಿದ ಹೋರಾಟ, ಎಲ್ಲವೂ ಆ ಲೆಕ್ಕದ ಮುಂದಿನ ಪುಟಗಳೇ.

2021ರಲ್ಲಿ ನಮ್ಮ ಪಡುವಣದ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯ ಪಾಲಾದವು. 2024ರಲ್ಲಿ ಸಂತ ಅಲೋಶಿಯಸ್ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಇಂದು ಊರೂರಿನಲ್ಲೂ ಹೈಸ್ಕೂಲಿದೆ, ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರ ಕಾಲೇಜಿದೆ. ಹಾಗಿದ್ದೂ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಈ ಸೀಮೆಯ ಎಷ್ಟೋ ಅಪ್ಪಂದಿರು ಅಂಕಪಟ್ಟಿಯ ಝೆರಾಕ್ಸ್ ಹಿಡಿದು ಘಟ್ಟ ಇಳಿಯುವ ಬಸ್ಸು ಹತ್ತುತ್ತಾರೆ, ಮಂಗಳೂರು ಮೂಡುಬಿದಿರೆ ಕಡೆಯ ಪಿಯು ಕಾಲೇಜುಗಳಲ್ಲಿ ಹಾಸ್ಟೆಲ್ ಸಮೇತ ಸೀಟು ವಿಚಾರಿಸಲು. ಶೇಂಗಾ ಮಾರಿದ ದುಡ್ಡು, ಒಡವೆ ಅಡವಿಟ್ಟ ಸಾಲ ಆ ಫೀಜಿಗೆ ಹೋಗುತ್ತದೆ. 1870ರ ದಶಕದ ಮಂಗಳೂರಿನ ಗೃಹಸ್ಥರು ಶಾಲೆಯನ್ನು ತಮ್ಮೂರಿಗೆ ಕರೆಸಿಕೊಂಡರು. ನಾವು ಮಕ್ಕಳನ್ನು ಅವರೂರಿಗೆ ಕಳಿಸುತ್ತಿದ್ದೇವೆ.