ಕರಗಿಹೋಗುವ ಸಾಕ್ಷಿ

1927ರ ಮೇ 10ರ ರಾತ್ರಿ. ಸ್ಯಾನ್ ಡಿಯಾಗೋದಿಂದ ಸೇಂಟ್ ಲೂಯಿಸ್‌ಗೆ ಹೊರಟಿದ್ದ ಅಮೆರಿಕದ ಪೈಲಟ್ ಚಾರ್ಲ್ಸ್ ಲಿಂಡ್‌ಬರ್ಗ್ ಅರಿಜೋನಾದ ಬೆಟ್ಟಗಳ ಮೇಲಿದ್ದ. ವಿಮಾನ ಹೊಚ್ಚ ಹೊಸದು, ಅದರಲ್ಲಿ ಅವನೊಬ್ಬನೇ. ಇದ್ದಕ್ಕಿದ್ದಂತೆ ಒಂಬತ್ತು ಸಿಲಿಂಡರಿನ ಎಂಜಿನ್ ಕೆಮ್ಮತೊಡಗಿತು, ವಿಮಾನವೇ ನಡುಗಿತು. ಎತ್ತರ ಕಳೆದುಕೊಳ್ಳುತ್ತಲೇ ಸುತ್ತು ಹೊಡೆಯುತ್ತಾ, ಇಳಿಯಲೇಬೇಕಾಗಿ ಬಂದರೆ ಎಲ್ಲಿ ಎಂದು ಕತ್ತಲಲ್ಲಿ ನೆಲ ಹುಡುಕಿದ. ಥ್ರಾಟಲ್ಲನ್ನೂ ಇಂಧನದ ಮಿಶ್ರಣವನ್ನೂ ಹಿಂದೆಮುಂದೆ ಮಾಡಿ ನೋಡಿದ. ಎಂಜಿನ್ ನಿಧಾನವಾಗಿ ಚೇತರಿಸಿಕೊಂಡಿತು. ಬೆಳಗಾದ ಮೇಲೆ ಸೇಂಟ್ ಲೂಯಿಸ್ ಮುಟ್ಟಿದ.

ಕಾಟ ಕೊಟ್ಟದ್ದು ಮುರಿದ ಭಾಗವಲ್ಲ, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬುರೇಟರಿನೊಳಗೆ ಕಟ್ಟಿದ ಮಂಜುಗಡ್ಡೆ.

ಇಂಜೆಕ್ಷನ್‌ಗೆ ಮುಂಚೆ ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗಾಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಜೊತೆಗೆ ಕಾರ್ಬುರೇಟರಿನ ಕಿರಿದಾದ ಕೊರಳಿನಲ್ಲಿ ನುಗ್ಗುವ ಗಾಳಿಯ ಒತ್ತಡ ಇಳಿದು ಅದು ಇನ್ನಷ್ಟು ತಣ್ಣಗಾಗುತ್ತದೆ. ಎರಡೂ ಸೇರಿ ಗಾಳಿ 20 ಡಿಗ್ರಿಗೂ ಹೆಚ್ಚು ತಣ್ಣಗಾಗಬಲ್ಲದು. ಹಾಗಾಗಿ ಹಿಮ ಬೀಳುವ ಊರೇ ಬೇಕಿಲ್ಲ. ನಮ್ಮ ಬೆಂಗಳೂರಿನ ಮಳೆಗಾಲದ ಬೆಳಗಿನಂಥ ತೇವದ ಹವೆ ಸಾಕು. ಗಾಳಿಯ ಪಸೆ ಥ್ರಾಟಲ್ ತಟ್ಟೆಯ ಅಂಚಿಗೆ ಹರಳುಗಟ್ಟುತ್ತಾ ಹೋಗಿ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ.

ಈ ತೊಂದರೆಯನ್ನು ಪತ್ತೆಹಚ್ಚುವುದು ಎಷ್ಟು ಕಷ್ಟ ಎಂಬುದೇ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ವಿಮಾನ ಯಾವುದೋ ಹೊಲದಲ್ಲಿ ಇಳಿಯುತ್ತದೆ. ಮೆಕ್ಯಾನಿಕ್ ಬಂದು ಬಾನೆಟ್ ಬಿಚ್ಚುವಷ್ಟರಲ್ಲಿ ಎಂಜಿನ್ನಿನ ಕಾವಿಗೆ ಗಡ್ಡೆ ಕರಗಿ ಹೋಗಿರುತ್ತದೆ. ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಸುಳ್ಳು ಹೇಳದ ಪೈಲಟ್‌ನ ಮಾತಿಗೆ ಸಾಕ್ಷಿಯಾಗಿ ತೋರಿಸಲು ಒಂದು ಹನಿ ನೀರೂ ಉಳಿದಿರುವುದಿಲ್ಲ.

ಅಟ್ಲಾಂಟಿಕ್ ದಾಟಲೆಂದು ಲಿಂಡ್‌ಬರ್ಗ್ ನ್ಯೂಯಾರ್ಕಿಗೆ ಬಂದ ಮೇಲೆ ಕಾರ್ಬುರೇಟರಿಗೆ ಬಿಸಿಗಾಳಿ ಕೊಡುವ ಹೀಟರ್ ಜೋಡಿಸಲಾಯಿತು. ಅದೇ ಎಂಜಿನ್ ಮೇ 20ರಿಂದ 21ರವರೆಗೆ ಮೂವತ್ತಮೂರೂವರೆ ಗಂಟೆ ನಿಲ್ಲದೆ ಓಡಿ ಅಟ್ಲಾಂಟಿಕ್ ದಾಟಿಸಿತು.

ಇಂದಿಗೂ ಕಾರ್ಬುರೇಟರ್ ಇರುವ ಸಣ್ಣ ವಿಮಾನಗಳಲ್ಲಿ ಪೈಲಟ್ ಕೈಗೆಟುಕುವಂತೆ ಒಂದು ನಾಬ್ ಇರುತ್ತದೆ. ಅದನ್ನು ಎಳೆದರೆ ಸೈಲೆನ್ಸರಿನ ಸುತ್ತ ಕಾದ ಗಾಳಿ ಒಳಗೆ ಬರುತ್ತದೆ. ಎಂಜಿನ್ ಮೊದಲು ಇನ್ನಷ್ಟು ಒರಟಾಗಿ ಕೆಮ್ಮುತ್ತದೆ; ಕರಗಿದ ನೀರು ಅದರೊಳಗೆ ಹೋಗುತ್ತಿರುತ್ತದೆ. ತಪ್ಪು ಮಾಡಿದೆನೇನೋ ಎಂದು ಹೊಸಬರ ಕೈ ನಾಬನ್ನು ಮತ್ತೆ ಒಳಕ್ಕೆ ತಳ್ಳಲು ಹೋಗುತ್ತದೆ. ಪಕ್ಕದಲ್ಲಿ ಕೂತ ಗುರು ಆ ಕೈಯನ್ನು ತಡೆದು ಹಿಡಿಯುತ್ತಾರೆ, ಸದ್ದು ಸಮವಾಗುವವರೆಗೆ.