‘ಕರೆಂಟ್’ ಕೊಡೋದು ಅಂದ್ರೆ ಏನು? ದಿನಾ ಯಾಕೆ ಹೋಗಬೇಕು?

ಊರಿಂದ ಬಂದ ಅಪ್ಪನೋ ಅಮ್ಮನೋ ಸಾಸವಡದಿಂದ ದಿವೇ ಘಾಟ್ ಇಳಿದು ಪುಣೆಗೆ ದಿನಾ ರೇಡಿಯೇಶನ್‌ಗೆ ಹೋಗಬೇಕಾದಾಗ ಕೇಳೋ ಪ್ರಶ್ನೆ: ‘ಆರು ವಾರದ್ದನ್ನ ಎರಡೇ ದಿನದಲ್ಲಿ ಮುಗಿಸಬಾರದಾ?’

ನಮ್ಮ ಕಡೆ ‘ಕರೆಂಟ್ ಕೊಡೋದು’ ಅಂತಾರೆ, ಆದರೆ ಇದರಲ್ಲಿ ಶಾಕ್ ಇಲ್ಲ. ಕಿರಣಗಳು ಜೀವಕೋಶದೊಳಗಿನ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತವೆ. ಕೋಶದ ನೀರನ್ನು ಒಡೆದು, ಅದರ ಚೂರುಗಳಿಂದಲೂ ಕತ್ತರಿಸುತ್ತವೆ. ಒಂದೆಳೆ ತುಂಡಾದರೆ ರಿಪೇರಿ ಸುಲಭ. ಎರಡೂ ಎಳೆ ಒಂದೇ ಕಡೆ ತುಂಡಾದರೆ ಕಷ್ಟ. ಅಂಥ ಕೋಶ ಹೆಚ್ಚಾಗಿ ಎರಡಾಗಲು ಹೋದಾಗ ಸಾಯುತ್ತದೆ.

ಪಕ್ಕದ ಒಳ್ಳೆ ಕೋಶಗಳಿಗೂ ಏಟು ಬೀಳುತ್ತೆ. ಆದರೆ ಮರುದಿನದೊಳಗೆ ಅವು ಬಹುಪಾಲು ರಿಪೇರಿ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಅಷ್ಟು ಚೆನ್ನಾಗಿ ಆಗಲ್ಲ. ಈ ವ್ಯತ್ಯಾಸವೇ ಚಿಕಿತ್ಸೆ. ಅದಕ್ಕೇ ದಿನಕ್ಕೆ ಸುಮಾರು 2 ಗ್ರೇ, ವಾರಕ್ಕೆ 5 ದಿನ ಅನ್ನೋ ರೂಢಿ. ಕೆಲವು ಕ್ಯಾನ್ಸರ್‌ಗಳಿಗೆ ಕಡಿಮೆ ದಿನ ಸಾಕು. ಆ ಲೆಕ್ಕ ಡಾಕ್ಟರದು.

ನಮ್ಮ ದೇಶದ್ದೇ ಯಂತ್ರ ಭಾಭಾಟ್ರಾನ್. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ್ದು, ಬೆಂಗಳೂರಿನ ಪನೇಸಿಯಾ ಕಂಪನಿ ತಯಾರಿಸೋದು. ಅದರೊಳಗಿನ ಕೋಬಾಲ್ಟ್-60ರ ಬಲ 5.27 ವರ್ಷಕ್ಕೆ ಅರ್ಧವಾಗುತ್ತೆ. ಹಳೆಯದಾದಷ್ಟೂ ಅಷ್ಟೇ ಡೋಸ್‌ಗೆ ಹೆಚ್ಚು ನಿಮಿಷ ಮಲಗಬೇಕು.

ಮಧ್ಯೆ ದಿನಗಳು ತಪ್ಪಿದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಪಾಲ್ಖಿಗೆ ಘಾಟ್ ಬಂದ್ ಆಗೋ ದಿನವಿದ್ದರೆ ಆಸ್ಪತ್ರೆಗೆ ಮೊದಲೇ ಹೇಳಿ, ಬದಲಿ ದಿನ ಕೇಳಿ.

ಇನ್ನೊಂದು ಮಾತು. ಹೊರಗಿನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯಲ್ಲ. ಮನೆಗೆ ಬಂದ ಅಜ್ಜಿ ಮೊಮ್ಮಗುವನ್ನ ಧೈರ್ಯವಾಗಿ ತೊಡೆ ಮೇಲೆ ಕೂರಿಸಿಕೊಳ್ಳಬಹುದು.