ಟ್ರ್ಯಾಕ್ಟರ್ ಗಂಟೆ ಲೆಕ್ಕಕ್ಕೆ ನಾವೇ ಮಾಡಿದ ಜಿಪಿಎಸ್ ಬೋರ್ಡ್

ಬಿತ್ತನೆ ಹದ ಬಂತು ಅಂದ್ರೆ ಟ್ರ್ಯಾಕ್ಟರ್ ದಿನಕ್ಕೆ ನಾಲ್ಕೈದು ಹೊಲ ಸುತ್ತುತ್ತೆ. ಸಂಜೆ ಡ್ರೈವರ್ ಹೇಳೋದು ಒಂದು ಗಂಟೆ ಲೆಕ್ಕ, ಹೊಲದವರು ಹೇಳೋದು ಇನ್ನೊಂದು. ನಮ್ಮದು ಶಿರಾ ಸೀಮೆ, ಶೇಂಗಾ ರಾಗಿ ಬೆಳೆಯೋರು. ಮೂವರು ಪಾಲಿನಲ್ಲಿ ತಗೊಂಡ ಟ್ರ್ಯಾಕ್ಟರ್ ಈ ಲೆಕ್ಕದ ಜಗಳಕ್ಕೇ ಮಾರಿಬಿಡೋ ಹಂತಕ್ಕೆ ಬಂದಿತ್ತು. ಅಂಗಡಿಯಿಂದ ತಂದ ಒಂದು ಟ್ರ್ಯಾಕರ್ ಹಾಕಿ ನೋಡಿದ್ವಿ. ಗಾಡಿ ಎಲ್ಲಿದೆ ಅಂತ ತೋರಿಸ್ತು. ಉಳುಮೆ ಎಷ್ಟು ಹೊತ್ತು, ರಸ್ತೆ ಓಡಾಟ ಎಷ್ಟು ಹೊತ್ತು ಅಂತ ತೋರಿಸಲಿಲ್ಲ. ಎರಡನೇ ವರ್ಷದ ಚಂದಾ ಕಟ್ಟೋವರೆಗೂ ಹಳೇ ಲೆಕ್ಕವೂ ಸಿಗಲಿಲ್ಲ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು, ನಾವೇ ಒಂದು ಬೋರ್ಡ್ ಮಾಡೋಣ ಅಂತ ಕೂತೆ.

ಇದರಲ್ಲಿ ಮುಖ್ಯವಾಗಿ ಇರೋದು ಮೂರೇ: ಜಾಗ ಹೇಳೋ ಜಿಪಿಎಸ್, ಮೊಬೈಲ್ ನೆಟ್‌ವರ್ಕಿಗೆ ಕಳಿಸೋ ಮೋಡೆಮ್, ಇವೆರಡನ್ನೂ ಆಡಿಸೋ ಮೈಕ್ರೋಕಂಟ್ರೋಲರ್. ಬಿಡಿ ಮಾಡ್ಯೂಲ್ ತಂದು ಜಂಪರ್ ವೈರ್ ಸಿಕ್ಕಿಸಿದರೆ ಮೇಜಿನ ಮೇಲೆ ಚೆನ್ನಾಗೇ ನಡೆಯುತ್ತೆ. ರೋಟವೇಟರ್ ಅದುರಾಟಕ್ಕೆ ಆ ವೈರ್‌ಗಳು ನಿಲ್ಲಲ್ಲ. ಅದಕ್ಕೇ ಎಲ್ಲವನ್ನೂ ಒಂದೇ ಪಿಸಿಬಿ ಮೇಲೆ ಬೆಸುಗೆ ಹಾಕಬೇಕು. ನಕ್ಷೆ ಬರೆಯೋಕೆ ಕೈಕ್ಯಾಡ್ ಅನ್ನೋ ಉಚಿತ ತಂತ್ರಾಂಶ ಸಾಕು; 1992ರಲ್ಲಿ ಫ್ರಾನ್ಸಿನ ಜಾನ್ ಪಿಯರ್ ಶಾರಾ ಶುರು ಮಾಡಿದ್ದು, ಇವತ್ತಿಗೂ ಕಾಸಿಲ್ಲದೆ ಸಿಗುತ್ತೆ.

ಮೋಡೆಮ್ ಆರಿಸೋ ಮೊದಲು ಹೊಲದಲ್ಲಿ ಸಿಗ್ನಲ್ ನೋಡಿ. ಅಗ್ಗ ಅಂತ ಎಲ್ಲರೂ ತಗೊಳೋ ಸಿಮ್800ಎಲ್ ಬರೀ 2ಜಿ. ಜಿಯೋಗೆ 2ಜಿ ಇಲ್ಲವೇ ಇಲ್ಲ, ಆ ಸಿಮ್ ಅದರಲ್ಲಿ ಏಳೋದೇ ಇಲ್ಲ. 4ಜಿ ಮಾಡ್ಯೂಲ್ ತಗೊಳೋರು ಅದರ ಬ್ಯಾಂಡ್ ಪಟ್ಟಿಯಲ್ಲಿ 3, 5, 40 ಇವೆಯಾ ಅಂತ ಓದಿ. 850 ಮೆಗಾಹರ್ಟ್ಸಿನ ಬ್ಯಾಂಡ್ 5 ದೂರ ಹೋಗುತ್ತೆ, ಟವರ್ ದೂರ ಇರೋ ನಮ್ಮಂಥ ಊರಿಗೆ ಅದೇ ಆಧಾರ. ಮೋಡೆಮ್‌ಗೆ ಎಟಿ ಪ್ಲಸ್ ಸಿಎಸ್‌ಕ್ಯೂ ಅಂತ ಕೇಳಿದರೆ 0ಯಿಂದ 31ರೊಳಗೆ ಒಂದು ಅಂಕಿ ಕೊಡುತ್ತೆ. 10ಕ್ಕಿಂತ ಕೆಳಗಿದ್ದರೆ ಬಲವಿಲ್ಲ, 99 ಬಂದರೆ ಸಿಗ್ನಲ್ ಗೊತ್ತಾಗ್ತಿಲ್ಲ ಅಂತ ಅರ್ಥ.

ಇನ್ನು ಕರೆಂಟು. ನನ್ನ ಪ್ರಕಾರ ಬೋರ್ಡಿನ ಮುಕ್ಕಾಲು ಕೆಲಸ ಇದೇ. 2ಜಿಯಲ್ಲಿ ಮೋಡೆಮ್ ಮಾತಾಡೋವಾಗ ಸುಮಾರು 4.6 ಮಿಲಿಸೆಕೆಂಡಿಗೊಮ್ಮೆ, ಅರ್ಧ ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು, 2 ಆಂಪ್‌ವರೆಗೂ ಎಳೆಯುತ್ತೆ. ಆ ಗಳಿಗೆಯಲ್ಲಿ ವೋಲ್ಟೇಜ್ 3.4ಕ್ಕಿಂತ ಇಳಿದರೆ ಮೋಡೆಮ್ ಆಫ್ ಆಗಿ ಮತ್ತೆ ಶುರುವಾಗುತ್ತೆ. ನೋಡೋರಿಗೆ ‘ನೆಟ್‌ವರ್ಕ್ ಸರಿಯಿಲ್ಲ’ ಅನ್ನಿಸುತ್ತೆ, ಸಿಮ್ ಬದಲಿಸ್ತಾ ಕೂರ್ತಾರೆ. ಟ್ರ್ಯಾಕ್ಟರಿನ 12 ವೋಲ್ಟನ್ನ 4 ವೋಲ್ಟಿಗೆ ಇಳಿಸೋಕೆ ಲೀನಿಯರ್ ರೆಗ್ಯುಲೇಟರ್ ಹಾಕಿದರೆ ಅರ್ಧ ಆಂಪಿಗೇ 4 ವ್ಯಾಟ್ ಶಾಖ, ಮುಟ್ಟೋಕಾಗಲ್ಲ. ಎಲ್‌ಎಂ2596 ತರಹದ 3 ಆಂಪಿನ ಸ್ವಿಚಿಂಗ್ ರೆಗ್ಯುಲೇಟರ್ ಹಾಕಿ. ಮೋಡೆಮ್ ಪಿನ್ನಿನ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಜೊತೆ 100 ನ್ಯಾನೋದ್ದು, 33 ಪೈಕೋದ್ದು ಇರಲಿ. ತಾಮ್ರದ ದಾರಿ ಗಿಡ್ಡ, ಅಗಲ. ಕಂಟ್ರೋಲರ್‌ಗೆ ಬೇಕಾದ 3.3 ವೋಲ್ಟನ್ನ ಆ 4 ವೋಲ್ಟಿನಿಂದಲೇ ತೆಗೀಬಹುದು, ಆದರೆ ಎಲ್ಲರೂ ಹಾಕೋ 1117 ಇಲ್ಲಿ ನಡೆಯಲ್ಲ. ಅದಕ್ಕೇ ಒಂದು ವೋಲ್ಟಿನಷ್ಟು ವ್ಯತ್ಯಾಸ ಬೇಕು, ಇಲ್ಲಿ ಇರೋದು 0.7. ಕಡಿಮೆ ಡ್ರಾಪ್‌ಔಟಿನದ್ದು ಕೇಳಿ ತಗೊಳ್ಳಿ. ಬ್ಯಾಟರಿ ವೈರ್ ಬೋರ್ಡಿಗೆ ಬರೋ ಜಾಗದಲ್ಲಿ ಫ್ಯೂಸ್ ಮತ್ತು ಟಿವಿಎಸ್ ಡಯೋಡ್ ಬೇಕೇ ಬೇಕು. ಆಲ್ಟರ್ನೇಟರ್ ಕಡೆಯಿಂದ ಬರೋ ವೋಲ್ಟೇಜ್ ಏಟು ಸಣ್ಣದಲ್ಲ.

ಆಂಟೆನಾ ವಿಷಯ ಎರಡು ಮಾತು. ಮೋಡೆಮ್‌ನಿಂದ ಆಂಟೆನಾ ಕನೆಕ್ಟರ್‌ಗೆ ಹೋಗೋ ದಾರಿ 50 ಓಮ್ ಇರಬೇಕು. ಸಾಮಾನ್ಯ 1.6 ಮಿ.ಮೀ. ಎರಡು ಪದರದ ಬೋರ್ಡಿನಲ್ಲಿ ಹಾಗಾಗೋಕೆ ಅಗಲ ಸುಮಾರು 3 ಮಿ.ಮೀ. ಬರುತ್ತೆ, ಲೆಕ್ಕ ಹಾಕೋ ಸಲಕರಣೆ ಕೈಕ್ಯಾಡ್‌ನಲ್ಲೇ ಇದೆ. ಜಿಪಿಎಸ್ಸಿನ ಚೌಕಾಕಾರದ ಸೆರಾಮಿಕ್ ಆಂಟೆನಾ ಆಕಾಶ ನೋಡ್ತಿರಬೇಕು. ತಗಡಿನ ಬಾನೆಟ್ ಒಳಗಿಟ್ಟರೆ ಉಪಗ್ರಹ ಸಿಗಲ್ಲ, ಫೈಬರ್ ಟಾಪಿನ ಕೆಳಗಾದರೆ ತೊಂದರೆಯಿಲ್ಲ.

ಕಂಟ್ರೋಲರ್‌ಗೆ ನಾನು ಎಸ್‌ಟಿಎಂ32ಎಫ್103 ಹಿಡಿದೆ. ಕಾರಣ ಸರಳ, ಅದರಲ್ಲಿ ಮೂರು ಸೀರಿಯಲ್ ಪೋರ್ಟ್: ಮೋಡೆಮ್‌ಗೊಂದು, ಜಿಪಿಎಸ್‌ಗೊಂದು, ಲ್ಯಾಪ್‌ಟಾಪ್ ಹಾಕಿ ಪರೀಕ್ಷೆ ಮಾಡೋಕೊಂದು. ಆರ್ಡುಯಿನೋ ಯುನೋದಲ್ಲಿ ಇರೋದು ಒಂದೇ. 4ಜಿ ಮಾಡ್ಯೂಲ್‌ಗಳ ಸೀರಿಯಲ್ ಪಿನ್ ಬಹಳಷ್ಟು 1.8 ವೋಲ್ಟಿನವು, ಮಧ್ಯೆ ಲೆವೆಲ್ ಶಿಫ್ಟರ್ ಇಲ್ಲದೆ 3.3 ಕೊಟ್ಟರೆ ಸುಟ್ಟೇ ಹೋಗಬಹುದು.

ಗಂಟೆ ಲೆಕ್ಕ ಬರೋದು ಹೀಗೆ. ಬ್ಯಾಟರಿ ವೋಲ್ಟೇಜ್ 13.5 ದಾಟಿದರೆ ಎಂಜಿನ್ ಓಡ್ತಿದೆ, ಆಲ್ಟರ್ನೇಟರ್ ಚಾರ್ಜ್ ಮಾಡ್ತಿದೆ. ಜಿಪಿಎಸ್ ವೇಗ ಗಂಟೆಗೆ ಮೂರ್ನಾಲ್ಕು ಕಿ.ಮೀ. ಇದ್ದರೆ ಉಳುಮೆ, ಹತ್ತು ದಾಟಿದರೆ ರಸ್ತೆ, ಸೊನ್ನೆ ಇದ್ದರೆ ಎಂಜಿನ್ ಹಾಕ್ಕೊಂಡೇ ಟೀ ಕುಡೀತಿದ್ದಾರೆ. ಆರಡಿ ರೋಟವೇಟರ್‌ಗೆ ಎಕರೆಗೆ ಹೆಚ್ಚೂಕಡಿಮೆ 2.2 ಕಿ.ಮೀ. ಓಟ ಬೇಕು, ಹಾಗಾಗಿ ಓಡಿದ ದೂರವನ್ನೂ ಪಕ್ಕದಲ್ಲಿಟ್ಟು ತಾಳೆ ನೋಡ್ತೀವಿ. 30 ಸೆಕೆಂಡಿಗೊಂದು ಬಿಂದು, 100 ಬೈಟ್ ಅಂದ್ರೆ ಹತ್ತು ಗಂಟೆಗೆ 120 ಕೆಬಿ, ಡೇಟಾ ಖರ್ಚು ಲೆಕ್ಕಕ್ಕೇ ಬರಲ್ಲ. ಸಿಗ್ನಲ್ ಇಲ್ಲದ ಹೊಲದಲ್ಲಿ ಬಿಂದುಗಳು ಬೋರ್ಡಿನ ಫ್ಲ್ಯಾಶ್ ಚಿಪ್ಪಿನಲ್ಲಿ ಕೂತಿರುತ್ತವೆ, ಊರಿಗೆ ಬಂದಮೇಲೆ ಹೋಗುತ್ತವೆ.

ಟ್ರ್ಯಾಕ್ಟರ್ ಸುಮ್ಮನೆ ನಿಂತಾಗ ಬೋರ್ಡ್ ಮಲಗಬೇಕು. ಬರೀ 60 ಮಿಲಿಆಂಪ್ ಎಳೀತಿದ್ದರೂ ದಿನಕ್ಕೆ 1.44 ಆಂಪ್‌ಅವರ್, ಮಳೆ ಹಿಡಿದು ತಿಂಗಳು ನಿಂತರೆ 43. 75 ಆಂಪ್‌ಅವರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋದಂಗೆ, ಸೆಲ್ಫ್ ಹೊಡೆಯಲ್ಲ. ಅದುರಿದಾಗ ಎಬ್ಬಿಸೋಕೆ ಒಂದು ಆಕ್ಸೆಲರೋಮೀಟರ್ ಸಾಕು.

ಇದನ್ನ ಹದ್ದುಬಸ್ತಿಗೆ ಮಾತ್ರ ಬಳಸಬೇಡಿ. ಸಾದಾ ಜಿಪಿಎಸ್ ಬಯಲಲ್ಲೇ ಎರಡೂವರೆ ಮೀಟರ್ ಆಚೀಚೆ ತೋರಿಸುತ್ತೆ, ಬದುವಿನ ಜಗಳಕ್ಕೆ ತುಪ್ಪ ಸುರಿದಂಗಾಗುತ್ತೆ. ಡ್ರೈವರ್‌ಗೆ ಹೇಳಿಯೇ ಹಾಕಿ. ನಮ್ಮ ಡ್ರೈವರ್ ಈಗ ಹೊಲದವರಿಗೆ ತಾನೇ ಫೋನಲ್ಲಿ ಗೆರೆ ತೋರಿಸಿ ಬಾಡಿಗೆ ಕೇಳ್ತಾನೆ, ಕೊಸರಾಟ ಕಡಿಮೆಯಾಗಿದೆ. ಪಾಲುದಾರರ ತಕರಾರು ಈಗ ಡೀಸೆಲ್ ಕಡೆ ತಿರುಗಿದೆ. ಟ್ಯಾಂಕಿನ ಫ್ಲೋಟ್ ವೈರನ್ನ ಬೋರ್ಡಿನ ಖಾಲಿ ಎಡಿಸಿ ಪಿನ್ನಿಗೆ ಎಳೆಯೋ ಕೆಲಸ ನಡೀತಿದೆ.